ಕ್ಯಾಮೆರಾ ಕಲಿಯಬೇಕು, ಫೋನಿನ ಫೋಟೋ ರಾಶಿಯೂ ಕರಗಬೇಕು: ಎಲ್ಲಿಂದ ಶುರು ಮಾಡುವುದು?

ಮರಳೂರುದಿಣ್ಣೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಊರು ತುಮಕೂರು. ಇರುವ ಸಾಮಾನು: ನಿಕಾನ್ ಡಿ5300, ಅದರ ಜೊತೆ ಬಂದ 18-55 ಮಿ.ಮೀ. ವಿಆರ್ (ಕೈನಡುಕ ತಗ್ಗಿಸುವ) ಲೆನ್ಸ್, 128 ಜಿಬಿಯ ಒಂದು ಆಂಡ್ರಾಯ್ಡ್ ಫೋನ್. ಬಿಡುವು ಸಿಗುವುದು ಭಾನುವಾರ ಬೆಳಿಗ್ಗೆ ಮಾತ್ರ. ಮೂರು ಪ್ರಶ್ನೆಗಳಿವೆ, ಒಂದಕ್ಕೊಂದು ಹೆಣೆದುಕೊಂಡಿವೆ ಅನ್ನಿಸಿ ಒಟ್ಟಿಗೇ ಕೇಳುತ್ತಿದ್ದೇನೆ.

ಕ್ಯಾಮೆರಾ ಆಟೋದಲ್ಲೇ ಇದೆ. ಬರುವ ಚಿತ್ರಕ್ಕೂ ಫೋನಿನ ಚಿತ್ರಕ್ಕೂ ವ್ಯತ್ಯಾಸ ಕಾಣುವುದಿಲ್ಲ. ನಮ್ಮ ಸುತ್ತಮುತ್ತಲೇ, ಹೊಸ ಲೆನ್ಸ್ ಕೊಳ್ಳದೆ, ಯಾವುದನ್ನು ಯಾವ ಕ್ರಮದಲ್ಲಿ ಅಭ್ಯಾಸ ಮಾಡಬೇಕು? ಎರಡನೆಯದು, ಫೋನೂ ತುಂಬಿದೆ, ಗೂಗಲ್‌ನ 15 ಜಿಬಿಯೂ ತುಂಬಿದೆ. ಮಕ್ಕಳ ಫೋಟೋ, ಅಪ್ಪ-ಅಮ್ಮನ ಫೋಟೋ ಕಳೆದುಹೋಗದ ಹಾಗೆ ಉಳಿದದ್ದನ್ನು ಅಳಿಸುವುದು ಹೇಗೆ? ಮೂರನೆಯದು ಹೇಳಲು ಸ್ವಲ್ಪ ಕಷ್ಟ. ಫೋಟೋ ತೆಗೆಯುವಾಗಲೇ ಇದು ಸ್ಟೇಟಸ್‌ಗೆ ಆಗುತ್ತದೆಯೇ ಎಂಬ ಲೆಕ್ಕ ತಲೆಯಲ್ಲಿ ಓಡುತ್ತದೆ. ಬೆಟ್ಟ ಹತ್ತಿದರೂ ಬೆಟ್ಟ ನೋಡಿದ ಹಾಗೆ ಆಗುವುದಿಲ್ಲ. ಫೋಟೋಗ್ರಫಿ ಬಿಡುವ ಮನಸ್ಸಿಲ್ಲ, ಈ ಚಾಳಿ ಮಾತ್ರ ಬಿಡಬೇಕು.

ದುರ್ಗದದಾರಿ:

ಮೂರೂ ಪ್ರಶ್ನೆಗಳ ಬೇರು ಒಂದೇ. ತೆಗೆಯುವುದು, ಆರಿಸುವುದು, ತೋರಿಸುವುದು ಬೇರೆ ಬೇರೆ ಕೆಲಸ. ಫೋನು ಮೂರನ್ನೂ ಒಂದೇ ಪರದೆಗೆ, ಒಂದೇ ನಿಮಿಷಕ್ಕೆ ತಂದು ನಿಲ್ಲಿಸಿದೆ. ರಾಗಿ ಒಕ್ಕುತ್ತಲೇ ತೂರಲು ಹೋದರೆ ಎರಡು ಕೆಲಸವೂ ಕೆಡುತ್ತದೆ. ಆದ್ದರಿಂದ ಕ್ಯಾಮೆರಾ ಕಲಿಕೆಯನ್ನೇ ಇವು ಮೂರೂ ಬೇರೆಯಾಗುವಂತೆ ಜೋಡಿಸಿಕೊಳ್ಳಿ. ನಾನು ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ, ಮಿಕ್ಕವಕ್ಕೆ ಇಲ್ಲಿ ಬಲ್ಲವರಿದ್ದಾರೆ.

ಪ್ಲೇಬ್ಯಾಕ್ ಮೆನುವಿನಲ್ಲಿ ಇಮೇಜ್ ರಿವ್ಯೂ ಆಫ್ ಮಾಡಿ. ಕ್ಲಿಕ್ ಆದ ಕೂಡಲೇ ಚಿತ್ರ ಪರದೆಗೆ ಬಂದು ಕಣ್ಣನ್ನು ಕೆಳಗೆ ಎಳೆಯುವುದು ನಿಲ್ಲುತ್ತದೆ. ಬೇಕೆಂದಾಗ ಬಟನ್ ಒತ್ತಿ ನೋಡಬಹುದು. ಅದೇ ಮೆನುವಿನ ಡಿಸ್‌ಪ್ಲೇ ಆಯ್ಕೆಗಳಲ್ಲಿ ಹೈಲೈಟ್ಸ್ ಆನ್ ಮಾಡಿ, ಬಿಳಿಚಿ ಸುಟ್ಟ ಜಾಗ ಮಿನುಗಿ ತೋರಿಸುತ್ತದೆ. ಮೋಡ್ ಡಯಲ್ 'ಎ'ಗೆ ತಿರುಗಿಸಿ: ನೀವು ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯ ಗಾತ್ರ) ಹೇಳುತ್ತೀರಿ, ಶಟರ್ ವೇಗವನ್ನು (ಎಷ್ಟು ಹೊತ್ತು ಬೆಳಕು ಒಳಬರಬೇಕು ಎಂಬುದನ್ನು) ಕ್ಯಾಮೆರಾ ಲೆಕ್ಕ ಹಾಕುತ್ತದೆ. ಆಟೋ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಆನ್, ಗರಿಷ್ಠ 1600, ಕನಿಷ್ಠ ಶಟರ್ 1/125 ಸೆಕೆಂಡು. ಕೊನೆಯದಾಗಿ ಲೆನ್ಸನ್ನು 35ಕ್ಕೆ ತಿರುಗಿಸಿ ಝೂಮ್ ಉಂಗುರಕ್ಕೆ ಒಂದು ತುಂಡು ಕಾಗದದ ಟೇಪ್ ಅಂಟಿಸಿ. ನಿಮ್ಮ ಕ್ಯಾಮೆರಾದ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಹಳೆಯ ಫಿಲ್ಮಿಗಿಂತ ಚಿಕ್ಕದು, 1.5ರ ಗುಣಕ ಇರುವುದರಿಂದ 35 ಅಂದರೆ ಹಳೆಯ ಫಿಲ್ಮ್ ಕ್ಯಾಮೆರಾದ 50ರಷ್ಟು ನೋಟ. ಚೌಕಟ್ಟು ಬದಲಾಗಬೇಕಾದರೆ ಕಾಲು ನಡೆಯಬೇಕು. ಕಲಿಕೆ ಅಲ್ಲೇ ಇರುವುದು.

ಒಂದು ಭಾನುವಾರಕ್ಕೆ ಒಂದೇ ಪಾಠ, 36 ಚಿತ್ರ ಮೀರಬೇಡಿ. ಹಳೆಯ ಫಿಲ್ಮ್ ರೋಲ್ ಅಷ್ಟೇ ಇರುತ್ತಿತ್ತು. ಒಂದು ವಿಷಯವನ್ನು ನಾಲ್ಕೈದು ಬಗೆಯಲ್ಲಿ ನೋಡಲು ಅದು ಸಾಕು, ಸುಮ್ಮನೆ ಒತ್ತುತ್ತಾ ಹೋಗಲು ಸಾಲದು.

ಮೊದಲ ಪಾಠ ಬೆಳಕಿನದು, ಮನೆಯ ಹತ್ತಿರವೇ ಆಗುತ್ತದೆ. ಒಂದು ಕಲ್ಲುಗೋಡೆಯನ್ನೋ ಹಳೆಯ ಬಾಗಿಲನ್ನೋ ಬೆಳಿಗ್ಗೆ ಏಳಕ್ಕೆ, ಒಂಬತ್ತಕ್ಕೆ, ಮಧ್ಯಾಹ್ನಕ್ಕೆ, ಸಂಜೆ ಐದೂವರೆಗೆ ಒಂದೇ ಜಾಗದಲ್ಲಿ ನಿಂತು ತೆಗೆಯಿರಿ. ಬೆಳಕು ಓರೆಯಾಗಿ ಬಿದ್ದಾಗ ಉಳಿಯ ಗುರುತು ಕಾಣುತ್ತದೆ, ನೆತ್ತಿಗೆ ಬಂದಾಗ ಮಾಯವಾಗುತ್ತದೆ. ಮಧುಗಿರಿ ಬೆಟ್ಟದಂಥ ಏಕಶಿಲೆ ಹನ್ನೆರಡು ಗಂಟೆಗೆ ಚಪ್ಪಟೆ ಬೂದುಬಣ್ಣವಾಗಿ ಬರುವುದು ಇದರಿಂದಲೇ. ಅದು ಕ್ಯಾಮೆರಾದ ದೋಷವಲ್ಲ. ನಮ್ಮ ಕಡೆ ಸೂರ್ಯೋದಯ ಜನವರಿಯಲ್ಲಿ 6.45ರ ಸುಮಾರಿಗೆ, ಜೂನ್‌ನಲ್ಲಿ 5.55ರ ಸುಮಾರಿಗೆ. ಬೆಟ್ಟ ಹತ್ತುವ ಹೊತ್ತನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ.

ಎರಡನೆಯದು ಅಪರ್ಚರ್. ಒಂದೂವರೆ ಮೀಟರ್ ದೂರದಲ್ಲಿ ಒಂದು ವಸ್ತು, ಅದರ ಹಿಂದೆ ಹತ್ತು ಮೀಟರ್‌ನಾಚೆ ಮರವೋ ಗೋಡೆಯೋ ಇರಲಿ. 35ರಲ್ಲಿ ನಿಮ್ಮ ಲೆನ್ಸ್ ಸುಮಾರು ಎಫ್/4.5ರವರೆಗೆ ತೆರೆಯುತ್ತದೆ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಸಣ್ಣದು). ಅಲ್ಲಿ ಒಂದು, ಎಫ್/8ರಲ್ಲಿ ಒಂದು, ಎಫ್/16ರಲ್ಲಿ ಒಂದು. ಹಿನ್ನೆಲೆ ಎಷ್ಟು ಕರಗುತ್ತದೆ ಎಂಬುದು ಕಿಂಡಿಯ ಮೇಲಷ್ಟೇ ನಿಂತಿಲ್ಲ. ನೀವು ವಸ್ತುವಿಗೆ ಎಷ್ಟು ಹತ್ತಿರ, ಹಿನ್ನೆಲೆ ಎಷ್ಟು ದೂರ ಎಂಬುದರ ಮೇಲೂ ನಿಂತಿದೆ. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸಿನಲ್ಲಿ 'ಬ್ಲರ್ ಬರುವುದಿಲ್ಲ' ಅನ್ನುವವರು ಸಾಮಾನ್ಯವಾಗಿ ಎರಡು ಹೆಜ್ಜೆ ಹಿಂದೆ ನಿಂತಿರುತ್ತಾರೆ.

ಮೂರನೆಯದು ಶಟರ್. ಡಯಲ್ 'ಎಸ್'ಗೆ. ಬಿ.ಎಚ್. ರಸ್ತೆಯ ಬದಿಯಲ್ಲಿ ಸುರಕ್ಷಿತ ಜಾಗ ನೋಡಿ ನಿಂತು ಬಸ್ಸುಗಳನ್ನು 1/1000, 1/250, 1/30ರಲ್ಲಿ ತೆಗೆಯಿರಿ. 1/30ರಲ್ಲಿ ಬಸ್ಸಿನ ಜೊತೆಗೇ ಸೊಂಟದಿಂದ ಮೇಲೆ ತಿರುಗುತ್ತಾ ಒತ್ತಬೇಕು, ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬಾರದು. ಇದನ್ನು ಏಳು ಗಂಟೆಯೊಳಗೆ ಅಥವಾ ಮೋಡದ ದಿನ ಮಾಡಿ. ಕಾರಣ ಲೆಕ್ಕದಲ್ಲಿದೆ: ಮೋಡವಿಲ್ಲದ ಬಿಸಿಲಿನಲ್ಲಿ ಐಎಸ್ಒ 100, ಎಫ್/16 ಇಟ್ಟರೆ ಶಟರ್ 1/100ರ ಆಸುಪಾಸು ಬರುತ್ತದೆ. 1/30 ಬೇಕೆಂದರೆ ಎಫ್/22ಕ್ಕಿಂತಲೂ ಸಣ್ಣ ಕಿಂಡಿ ಬೇಕು, ಅಷ್ಟು ಸಣ್ಣದಾದರೆ ಬೆಳಕು ಚದುರಿ ಇಡೀ ಚಿತ್ರ ಮಂಕಾಗುತ್ತದೆ.

ನಾಲ್ಕನೆಯದು ಎಕ್ಸ್‌ಪೋಷರ್ ತಿದ್ದುವಿಕೆ, ಅಂದರೆ ಕ್ಯಾಮೆರಾ ಲೆಕ್ಕ ಹಾಕಿದ ಬೆಳಕನ್ನು ನಾವು ಏರಿಸುವುದು, ಇಳಿಸುವುದು. ಇದಕ್ಕೆ ಶಿರಾ ತಾಲ್ಲೂಕಿನ ಕಗ್ಗಲಡುಗಿಂತ ಒಳ್ಳೆಯ ಪಾಠಶಾಲೆ ನಮ್ಮ ಜಿಲ್ಲೆಯಲ್ಲಿಲ್ಲ. ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಕ್ಯಾಮೆರಾದ ಬೆಳಕಳೆಯುವ ಮೀಟರ್ ಏನು ಕಂಡರೂ ಅದನ್ನು ನಡುಬೂದು ಅಂದುಕೊಳ್ಳುತ್ತದೆ. ಕಡು ಎಲೆಗಳ ನಡುವೆ ಚಿಕ್ಕದಾಗಿ ಕಾಣುವ ಬಿಳಿ ಹಕ್ಕಿಯಾದರೆ ಮೀಟರ್ ಎಲೆ ನೋಡಿ ಬೆಳಕು ಏರಿಸುತ್ತದೆ, ಹಕ್ಕಿಯ ಗರಿ ಸುಟ್ಟುಹೋಗುತ್ತದೆ. ಆಗ −1 ಇಡಿ. ಬಿಳಿ ಆಕಾಶದ ಮುಂದೆ ಹಾರುವ ಹಕ್ಕಿಯಾದರೆ ಮೀಟರ್ ಬೆಳಕು ಇಳಿಸಿ ಹಕ್ಕಿಯನ್ನು ಕಪ್ಪು ಮಾಡುತ್ತದೆ, ಆಗ +1. ಶಟರ್ ಪಕ್ಕದ ಪ್ಲಸ್-ಮೈನಸ್ ಬಟನ್ ಒತ್ತಿ ಹಿಡಿದು ಡಯಲ್ ತಿರುಗಿಸಿದರೆ ಆಯಿತು, ಮುಗಿದ ಮೇಲೆ ಸೊನ್ನೆಗೆ ತರುವುದನ್ನು ಮರೆಯಬೇಡಿ. 18-55ರಲ್ಲಿ ಹಕ್ಕಿಯ ಮುಖ ಸಿಗುವುದಿಲ್ಲ, ಅದಕ್ಕೆ 300 ಮಿ.ಮೀ. ಬೇಕು. ಆದರೆ ಮರ, ಮನೆಯ ಹೆಂಚು, ಹಕ್ಕಿ ಮೂರೂ ಇರುವ ಚಿತ್ರಕ್ಕೆ ನಿಮ್ಮ ಲೆನ್ಸೇ ಸರಿ. ಆ ಊರಿನ ವಿಶೇಷವೂ ಅದೇ ತಾನೆ? ಗೂಡಿನ ಕೆಳಗೆ ಫ್ಲ್ಯಾಶ್ ಬೇಡ, ಮರ ಅಲುಗಿಸುವುದಂತೂ ಬೇಡವೇ ಬೇಡ.

ಮೈದನಹಳ್ಳಿಯ ಕೃಷ್ಣಮೃಗಗಳನ್ನು ಆಮೇಲೆ ನೋಡಿ. ಉದ್ದ ಲೆನ್ಸ್ ಇದ್ದರೂ ಬಿಸಿಲೇರಿದ ಮೇಲೆ ಹುಲ್ಲುಗಾವಲಿನಿಂದ ಏಳುವ ಬಿಸಿಗಾಳಿಯ ನಡುಕಕ್ಕೆ ಯಾವ ಫೋಕಸ್ಸೂ ನಿಲ್ಲುವುದಿಲ್ಲ.

ಅಂತರಗಂಗೆ_ಬಂಡೆ:

ಕೋಲಾರದಿಂದ. ಮೇಲಿನದಕ್ಕೆ ಒಪ್ಪಿಗೆ ಇದೆ, ಒಂದು ತಕರಾರೂ ಇದೆ. ಗರಿಷ್ಠ ಐಎಸ್ಒ 1600 ಹೊರಗಡೆಗೆ ಸಾಕು, ದೇವಸ್ಥಾನದ ಒಳಗೆ ಸಾಲದು. 'ಎ' ಮೋಡಿನಲ್ಲಿ ಐಎಸ್ಒ ಮಿತಿ ಮುಟ್ಟಿದ ಮೇಲೂ ಬೆಳಕು ಸಾಲದಿದ್ದರೆ ನಿಕಾನ್ ಕ್ಯಾಮೆರಾ ನೀವು ಇಟ್ಟ 1/125ರ ಮಾತು ಕೇಳುವುದಿಲ್ಲ, ಶಟರ್ ನಿಧಾನ ಮಾಡುತ್ತಾ ಹೋಗುತ್ತದೆ. ನಮ್ಮ ಸೋಮೇಶ್ವರ ದೇವಸ್ಥಾನದ ಕಂಬದ ಮಂಟಪದೊಳಗೆ ಚಿತ್ರ ಅಲ್ಲಾಡಿ ಬರುವುದಕ್ಕೆ ಕಾರಣ ಇದು. ಅಲ್ಲಿ ಮಿತಿಯನ್ನು 3200ಕ್ಕೆ ಏರಿಸಿ. ಕಾಳು ಕಾಳಾಗಿ ಕಂಡರೂ ಅಲ್ಲಾಡಿದ ಚಿತ್ರಕ್ಕಿಂತ ಮೇಲು. ಕದಲದ ಕಂಬಕ್ಕಾದರೆ ವಿಆರ್ ಆನ್ ಇಟ್ಟು, ಮೊಣಕೈ ಪಕ್ಕೆಗೆ ಒತ್ತಿ, ಉಸಿರು ಬಿಟ್ಟ ಕ್ಷಣದಲ್ಲಿ 1/30ರಲ್ಲೂ ತೆಗೆಯಬಹುದು. ಮನುಷ್ಯರು ಚೌಕಟ್ಟಿನಲ್ಲಿದ್ದರೆ ಆಗದು.

ಮಂಟಪದ ಒಳಗೆ ನಿಂತು ಹೊರಬಾಗಿಲನ್ನೂ ಸೇರಿಸಿ ತೆಗೆದರೆ ಬಾಗಿಲು ಸುಡುತ್ತದೆ ಅಥವಾ ಕಂಬ ಕಪ್ಪಾಗುತ್ತದೆ, ಎರಡೂ ಒಟ್ಟಿಗೆ ಸಿಗುವುದಿಲ್ಲ. ಬಾಗಿಲಿಗೆ ಬೆನ್ನು ಮಾಡಿ ನಿಲ್ಲಿ. ಅದೇ ಬಾಗಿಲಿನ ಬೆಳಕು ಕಂಬದ ಕೆತ್ತನೆಯ ಮೇಲೆ ಬಿದ್ದಿರುತ್ತದೆ. ಎಲ್‌ಇಡಿ ದೀಪಗಳಿದ್ದು ಚಿತ್ರದಲ್ಲಿ ಅಡ್ಡ ಪಟ್ಟೆ ಬಂದರೆ ಶಟರ್ 1/50 ಅಥವಾ 1/100ಕ್ಕೆ ಇಡಿ. ನಮ್ಮ ಕರೆಂಟು 50 ಹರ್ಟ್ಜ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಆ ಲಯಕ್ಕೆ ಶಟರ್ ಹೊಂದಬೇಕು. ಸೋಮೇಶ್ವರ, ಕೋಲಾರಮ್ಮ, ಚಿಕ್ಕಬಳ್ಳಾಪುರದ ಭೋಗನಂದೀಶ್ವರ ಇವೆಲ್ಲ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಟ್ರೈಪಾಡ್ ಒಯ್ಯುವ ಮೊದಲು ಅನುಮತಿ ಪಡೆಯಬೇಕು.

ಮುಂದೆ ಲೆನ್ಸ್ ಕೊಳ್ಳುವ ಯೋಚನೆ ಬಂದರೆ ಒಂದು ಎಚ್ಚರ. ಡಿ5300ರೊಳಗೆ ಫೋಕಸ್ ಮೋಟಾರು ಇಲ್ಲ. ಸೆಕೆಂಡ್‌ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಗುವ 50 ಎಫ್/1.8 'ಡಿ' ಲೆನ್ಸ್ ಹಾಕಿದರೆ ಆಟೋಫೋಕಸ್ ಕೆಲಸ ಮಾಡುವುದಿಲ್ಲ. ಒಳಗೇ ಮೋಟಾರು ಇರುವ, 'ಎಎಫ್-ಎಸ್' ಎಂದು ಬರೆದಿರುವುದನ್ನೇ ನೋಡಿ, 35 ಎಫ್/1.8 ಡಿಎಕ್ಸ್ ನಿಮಗೆ ಸರಿಹೊಂದುತ್ತದೆ.

ರೇಷ್ಮೆಗೂಡು (ಶಿಡ್ಲಘಟ್ಟ):

ಎರಡನೇ ಪ್ರಶ್ನೆಗೆ. ಅಳಿಸುವ ಮೊದಲು ಈ ಒಂದು ಮಾತು ಗಟ್ಟಿಯಾಗಿ ತಿಳಿದಿರಲಿ: ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆನ್ ಇದ್ದಾಗ ಅಲ್ಲಿಂದ ಒಂದು ಚಿತ್ರ ಅಳಿಸಿದರೆ ಫೋನಿನಿಂದಲೂ ಕ್ಲೌಡಿನಿಂದಲೂ ಹೋಗುತ್ತದೆ. ಬ್ಯಾಕಪ್ ಆದದ್ದು ಅನುಪಯುಕ್ತ ಪೆಟ್ಟಿಗೆಯಲ್ಲಿ 60 ದಿನ ಇರುತ್ತದೆ, ಆಮೇಲೆ ಸಿಗುವುದಿಲ್ಲ. ಫೋನಿನ ಪ್ರತಿ ಮಾತ್ರ ತೆಗೆಯಲು 'ಫ್ರೀ ಅಪ್ ಸ್ಪೇಸ್' ಎಂಬ ಬೇರೆ ಆಯ್ಕೆಯೇ ಇದೆ. ಇವೆರಡನ್ನು ಒಂದೇ ಅಂದುಕೊಂಡು ವರ್ಷಗಟ್ಟಲೆಯ ಚಿತ್ರ ಕಳೆದುಕೊಂಡವರು ಬಹಳ ಮಂದಿ. ನಿಮ್ಮ 15 ಜಿಬಿ ತುಂಬಿದೆ ಎಂದರೆ ಈಚಿನ ಫೋಟೋಗಳು ಬ್ಯಾಕಪ್ ಆಗಿಯೇ ಇಲ್ಲ ಎಂದು ತಿಳಿಯಿರಿ. 2021ರ ಜೂನ್ 1ರಿಂದ ಫೋಟೋಗಳೆಲ್ಲ ಆ 15 ಜಿಬಿಯ ಲೆಕ್ಕಕ್ಕೇ ಸೇರುತ್ತಿವೆ. ಜಿಮೇಲ್, ಡ್ರೈವ್ ಕೂಡ ಅದರಲ್ಲೇ. ಆಂಡ್ರಾಯ್ಡ್‌ನಲ್ಲಿ ವಾಟ್ಸಾಪ್ ಬ್ಯಾಕಪ್ ಕೂಡ ಅದರಲ್ಲೇ.

ಹಾಗಾಗಿ ಮೊದಲು ನಕಲು, ಆಮೇಲೆ ಅಳಿಸುವಿಕೆ. 1 ಟಿಬಿಯ ಹೊರಗಿನ ಹಾರ್ಡ್ ಡಿಸ್ಕ್ ಒಂದು ಬೇಕು, ಸಾಧ್ಯವಾದರೆ ಎರಡು. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಫ್ಯಾಟ್32 ಆದರೆ 4 ಜಿಬಿ ಮೀರಿದ ವಿಡಿಯೋ ನಕಲಾಗುವುದಿಲ್ಲ. ಫೋನನ್ನು ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಸೇರಿಸಿ, ಕ್ಯಾಮೆರಾ ಚಿತ್ರಗಳಿರುವ ಡಿಸಿಐಎಂ ಫೋಲ್ಡರನ್ನು ಒಂದೇ ಏಟಿಗೆ ಎಳೆದು ಹಾಕಬೇಡಿ. ಸಾವಿರಾರು ಫೈಲ್ ಒಟ್ಟಿಗೆ ಹೋದರೆ ನಡುವೆ ಸಂಪರ್ಕ ತಪ್ಪುತ್ತದೆ, ಎಲ್ಲಿಗೆ ನಿಂತಿತು ಎಂದು ಗೊತ್ತಾಗುವುದಿಲ್ಲ. ಐನೂರರ ಕಂತಿನಲ್ಲಿ ಕಳಿಸಿ, ಪ್ರತಿ ಕಂತಿಗೂ ಎರಡೂ ಕಡೆಯ ಫೈಲ್ ಸಂಖ್ಯೆ ತಾಳೆ ನೋಡಿ, ಮೂರು-ನಾಲ್ಕು ಚಿತ್ರ ಡಿಸ್ಕಿನಿಂದಲೇ ತೆರೆದು ನೋಡಿ. ಗೂಗಲ್‌ನಲ್ಲಿ ಮಾತ್ರ ಉಳಿದಿರುವ ಹಳೆಯವನ್ನು ಗೂಗಲ್ ಟೇಕ್‌ಔಟ್ ಮೂಲಕ ಇಳಿಸಿಕೊಳ್ಳಬಹುದು. ಪ್ರತಿ ಚಿತ್ರದ ಜೊತೆ ಒಂದು ಜೆಸನ್ ಫೈಲ್ ಬರುತ್ತದೆ, ಅದನ್ನು ಎಸೆಯಬೇಡಿ. ನೀವು ಗೂಗಲ್‌ನಲ್ಲಿ ತಿದ್ದಿದ ದಿನಾಂಕ ಅದರಲ್ಲೇ ಇರುತ್ತದೆ.

ಈಗ ಅಳಿಸುವುದು. ಎಲ್ಲರೂ ಫೋಟೋದಿಂದ ಶುರು ಮಾಡುತ್ತಾರೆ, ಜಾಗ ತಿನ್ನುವುದು ವಿಡಿಯೋ. 4ಕೆ ವಿಡಿಯೋ ನಿಮಿಷಕ್ಕೆ 170ರಿಂದ 400 ಎಂಬಿ ತನಕ ಬೇಕು ಅನ್ನುತ್ತದೆ, ಒಂದು ಫೋಟೋ 3-5 ಎಂಬಿ ಅಷ್ಟೇ. ಗಾತ್ರದ ಕ್ರಮದಲ್ಲಿ ಜೋಡಿಸಿ ವಿಡಿಯೋ ಮೊದಲು ನೋಡಿ. ಆಮೇಲೆ ವಾಟ್ಸಾಪ್: ಸೆಟ್ಟಿಂಗ್ಸ್, ಸ್ಟೋರೇಜ್ ಅಂಡ್ ಡೇಟಾ, ಮ್ಯಾನೇಜ್ ಸ್ಟೋರೇಜ್. ಯಾವ ಗುಂಪು ಎಷ್ಟು ತಿಂದಿದೆ ಎಂದು ಅಲ್ಲೇ ಪಟ್ಟಿ ಬರುತ್ತದೆ. ಶುಭೋದಯದ ಗುಂಪುಗಳನ್ನು ಇಡಿಯಾಗಿ ಖಾಲಿ ಮಾಡಬಹುದು. ವಾಟ್ಸಾಪ್ ಇಮೇಜಸ್ ಒಳಗೆ 'ಸೆಂಟ್' ಎಂಬ ಫೋಲ್ಡರ್ ಇದೆ, ನೀವು ಕಳಿಸಿದ ಎಲ್ಲದರ ಇನ್ನೊಂದು ಪ್ರತಿ ಅಲ್ಲಿರುತ್ತದೆ. ಅದನ್ನು ಅಳಿಸುವ ಮೊದಲು ಒಮ್ಮೆ ಕಣ್ಣಾಡಿಸಿ: ವಾಟ್ಸಾಪಿನ ಒಳಗಿನ ಕ್ಯಾಮೆರಾದಲ್ಲೇ ತೆಗೆದ ಚಿತ್ರದ ಮೂಲ ಬೇರೆಲ್ಲೂ ಇಲ್ಲದಿರಬಹುದು. ಇದೆಲ್ಲ ಆದ ಮೇಲೆ ಮೀಡಿಯಾ ಆಟೋ-ಡೌನ್‌ಲೋಡ್ ಮೂರೂ ಕಡೆ (ಮೊಬೈಲ್ ಡೇಟಾ, ವೈಫೈ, ರೋಮಿಂಗ್) ಆಫ್, ಬಂದ ಚಿತ್ರವನ್ನು ಗ್ಯಾಲರಿಯಲ್ಲಿ ತೋರಿಸುವ ಮೀಡಿಯಾ ವಿಸಿಬಿಲಿಟಿ ಆಫ್. ಇಲ್ಲವಾದರೆ ಮತ್ತೆ ತುಂಬುತ್ತದೆ.

ಊರಿನಲ್ಲಿರುವ ಅಪ್ಪ-ಅಮ್ಮ ಕಳಿಸಿದ ಹಳೆಯ ಫೋಟೋಗಳ ವಿಚಾರ: ವಾಟ್ಸಾಪ್ ಮೂಲಕ ಬಂದ ಚಿತ್ರದಲ್ಲಿ ತೆಗೆದ ದಿನಾಂಕ, ಸ್ಥಳ ಉಳಿದಿರುವುದಿಲ್ಲ, ಗಾತ್ರವೂ ಕುಗ್ಗಿರುತ್ತದೆ. ಫೈಲ್ ಹೆಸರಿನಲ್ಲಿರುವ ಎಂಟಂಕಿಯಷ್ಟೇ ದಿಕ್ಕು, ಅದೂ ವಾಟ್ಸಾಪಿನಲ್ಲಿ ಬಂದ ದಿನದ್ದು. ಮೂಲ ಬೇಕಿದ್ದರೆ 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ.

ಕ್ಯಾಮೆರಾದ ಭಾನುವಾರದ ಚಿತ್ರಗಳಿಗೆ: 2025-01-26_ದೇವರಾಯನದುರ್ಗ ಎಂಬ ಮಾದರಿಯಲ್ಲಿ ಫೋಲ್ಡರ್. ಮೊದಲ ಸುತ್ತಿನಲ್ಲಿ ಫೋಕಸ್ ತಪ್ಪಿದ್ದು, ಕಣ್ಣು ಮುಚ್ಚಿದ್ದು ಮಾತ್ರ ಹೋಗಲಿ, ಯೋಚಿಸದೆ. ಎರಡನೇ ಸುತ್ತಿನಲ್ಲಿ ಒಂದೇ ತೆರನಾದವುಗಳಲ್ಲಿ ಒಂದು ಉಳಿಯಲಿ. ಮೂರನೆಯದು ಮುಂದಿನ ಭಾನುವಾರಕ್ಕೆ. ತೆಗೆದ ದಿನದ ಉತ್ಸಾಹ ಇಳಿದಿರುತ್ತದೆ, ಹತ್ತಿದ ಆಯಾಸಕ್ಕೆ ಅಂಕ ಕೊಡುವುದು ತಪ್ಪುತ್ತದೆ. ಡಿಜಿಕ್ಯಾಮ್, ಡಾರ್ಕ್‌ಟೇಬಲ್ ಎರಡೂ ಉಚಿತ, ನಕ್ಷತ್ರ ಹಾಕುವ ಸೌಲಭ್ಯ ಎರಡರಲ್ಲೂ ಇದೆ. ಡಿಸ್ಕಿಗೆ ಹೋಗಿದೆ ಎಂದು ಖಚಿತವಾದ ಮೇಲೆ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಕಂಪ್ಯೂಟರಿನಲ್ಲಿ ಅಲ್ಲ.

ನಂದಿ_ತಪ್ಪಲು:

ಮೂರನೇ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು. ನಿಮಗೆ ಆಗುತ್ತಿರುವುದನ್ನು ಮನಶ್ಶಾಸ್ತ್ರಜ್ಞರು ಪ್ರಯೋಗ ಮಾಡಿ ನೋಡಿದ್ದಾರೆ. ಅಮೆರಿಕದ ಫೇರ್‌ಫೀಲ್ಡ್ ವಿಶ್ವವಿದ್ಯಾಲಯದ ಲಿಂಡಾ ಹೆಂಕೆಲ್ ಅವರ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ವಸ್ತುಸಂಗ್ರಹಾಲಯದಲ್ಲಿ ಕೆಲವು ವಸ್ತುಗಳ ಫೋಟೋ ತೆಗೆಯಲು, ಕೆಲವನ್ನು ಸುಮ್ಮನೆ ನೋಡಲು ಹೇಳಿದಾಗ, ಫೋಟೋ ತೆಗೆದ ವಸ್ತುಗಳೇ ಕಡಿಮೆ ನೆನಪಿನಲ್ಲಿ ಉಳಿದವು. ಆದರೆ ವಸ್ತುವಿನ ಒಂದು ಭಾಗಕ್ಕೆ ಝೂಮ್ ಮಾಡಿ ತೆಗೆದವರಿಗೆ ಈ ನಷ್ಟ ಆಗಲಿಲ್ಲ. 2016ರಲ್ಲಿ ಕ್ರಿಸ್ಟಿನ್ ಡೀಲ್, ಗಾಲ್ ಝೌಬರ್‌ಮನ್, ಅಲಿಕ್ಸಾಂಡ್ರಾ ಬರಾಷ್ ಇನ್ನೊಂದು ಮಗ್ಗುಲು ತೋರಿಸಿದರು: ಫೋಟೋ ತೆಗೆಯುವುದು ಮನಸ್ಸನ್ನು ಅನುಭವದೊಳಗೆ ಎಳೆದು ಸಂತೋಷವನ್ನು ಹೆಚ್ಚಿಸಲೂಬಹುದು. ಇದೇ ಮೂವರು 2018ರಲ್ಲಿ ಕಂಡದ್ದು ನಿಮ್ಮ ಪ್ರಶ್ನೆಗೆ ನೇರ ಉತ್ತರ. ತನಗಾಗಿ ತೆಗೆಯುವವರಿಗಿಂತ ಜಾಲತಾಣದಲ್ಲಿ ಹಂಚಲೆಂದು ತೆಗೆಯುವವರಿಗೆ ಆ ಅನುಭವದ ಸುಖ ಕಡಿಮೆ. ನೋಡುವವರು ತನ್ನ ಬಗ್ಗೆ ಏನಂದುಕೊಂಡಾರು ಎಂಬ ಚಿಂತೆ ಅದಕ್ಕೆ ಕಾರಣ.

ಅಂದರೆ ಕ್ಯಾಮೆರಾ ಬಿಡಬೇಕಿಲ್ಲ. ಉದ್ದೇಶ ಬದಲಾಗಬೇಕು. ಅದನ್ನು ಮನೋಬಲಕ್ಕೆ ಬಿಡದೆ ವ್ಯವಸ್ಥೆಯಾಗಿಯೇ ಮಾಡಿ. ದೇವರಾಯನದುರ್ಗಕ್ಕೋ ನಂದಿಗೋ ಹೋದಾಗ ಮೊದಲ ಹದಿನೈದು ನಿಮಿಷ ಕ್ಯಾಮೆರಾ ಚೀಲದಲ್ಲೇ ಇರಲಿ; ಬೆಳಕು ಯಾವ ಕಡೆಯಿಂದ, ಮಂಜು ಯಾವ ಕಣಿವೆಯಲ್ಲಿ, ಗಾಳಿ ಎತ್ತ, ಇಷ್ಟು ನೋಡಿ. ಆಮೇಲೆ ಇಡೀ ಬೆಟ್ಟ ಬೇಡ, ಒಂದು ವಿವರ: ಬಂಡೆಯ ಬಿರುಕಿನ ಹುಲ್ಲು, ಮೆಟ್ಟಿಲಿನ ಸವೆದ ಅಂಚು. ಫೋನಿನಲ್ಲಿ ಡು ನಾಟ್ ಡಿಸ್ಟರ್ಬ್ ಹಾಕಿ, ಮನೆಯವರ ಸಂಖ್ಯೆಗಳಿಗೆ ಮಾತ್ರ ನಕ್ಷತ್ರ ಕೊಟ್ಟು ಅವರ ಕರೆಗೆ ಅವಕಾಶ ಇಡಿ. ಡಿ5300ರ ವೈಫೈ ಆಫ್ ಇರಲಿ, ಚಿತ್ರ ಬೆಟ್ಟದ ಮೇಲೇ ಫೋನಿಗೆ ಇಳಿಯಬಾರದು. ಹಂಚುವುದಕ್ಕೆ ಎರಡು ದಿನದ ಅಂತರ ಇಡಿ. ರೇಷ್ಮೆಗೂಡು ಅವರ ಎರಡನೇ ಸುತ್ತು ಮುಗಿಯುವ ತನಕ ಯಾವುದೂ ಹೊರಗೆ ಹೋಗದಿರಲಿ.

ಸ್ಟೇಟಸ್ ಹಾಕಿದ ಮೇಲೆ ಯಾರು ನೋಡಿದರು ಎಂದು ಮತ್ತೆ ಮತ್ತೆ ತೆರೆಯುವ ಚಾಳಿಗೆ ಒಂದು ಸ್ವಿಚ್ ಇದೆ: ವಾಟ್ಸಾಪ್ ಪ್ರೈವೆಸಿಯಲ್ಲಿ ರೀಡ್ ರಿಸೀಟ್ಸ್ ಆಫ್ ಮಾಡಿದರೆ ನೋಡಿದವರ ಪಟ್ಟಿಯೇ ಕಾಣುವುದಿಲ್ಲ. ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ಆ್ಯಪ್ ಟೈಮರ್ ಇಡಬಹುದು, ಆದರೆ ಅದನ್ನು ಎರಡು ಬೆರಳಿನಲ್ಲಿ ತೆಗೆದುಹಾಕಬಹುದು, ಮಧ್ಯರಾತ್ರಿಗೆ ಹೊಸದಾಗಿ ಶುರುವಾಗುತ್ತದೆ, ಅದೊಂದನ್ನೇ ನಂಬಬೇಡಿ.

ಕಂಪ್ಯೂಟರಿನಲ್ಲಿ ಆರಿಸಲು ಕೂತಾಗ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ಏನನ್ನಾದರೂ 20 ಸೆಕೆಂಡು ನೋಡಿ. ಪರದೆಯ ಪ್ರಕಾಶ ಪೂರ್ತಿ ಏರಿಸಬೇಡಿ. ಕಣ್ಣಿಗಷ್ಟೇ ಅಲ್ಲ, ಪರದೆ ಹೆಚ್ಚು ಬೆಳಗಿದರೆ ಚಿತ್ರವನ್ನು ಬೇಕಾದ್ದಕ್ಕಿಂತ ಕಪ್ಪಾಗಿ ತಿದ್ದುತ್ತೀರಿ, ಪ್ರಿಂಟ್ ಹಾಕಿಸಿದಾಗ ಗೊತ್ತಾಗುತ್ತದೆ.

ಮರಳೂರುದಿಣ್ಣೆ:

ಎಲ್ಲರಿಗೂ ತುಂಬಾ ಧನ್ಯವಾದ. ಟೇಪ್ ಅಂಟಿಸಿದ್ದಾಯಿತು, ರೀಡ್ ರಿಸೀಟ್ಸ್ ಆಫ್. ಇನ್ನೆರಡು ಕೇಳಬೇಕು. ವಾರವಿಡೀ ಕ್ಯಾಮೆರಾ ಬೀರುವಿನಲ್ಲೇ ಇರುತ್ತದೆ, ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಬರುತ್ತದೆಯೇ? ಮತ್ತೆ, ಸ್ಟೇಟಸ್‌ಗೆ ಹಾಕದಿದ್ದರೆ ಅಪ್ಪ-ಅಮ್ಮನಿಗೆ ತೋರಿಸುವುದು ಹೇಗೆ? ಅವರಿಗೆ ಫೋನಿನ ಪರದೆ ಕಷ್ಟ.

ಅಂತರಗಂಗೆ_ಬಂಡೆ:

ನಮ್ಮ ಬಯಲುಸೀಮೆಯಲ್ಲಿ ಕರಾವಳಿಯಷ್ಟು ಕಾಟವಿಲ್ಲ, ಆದರೂ ಮಳೆ ಹಿಡಿದ ವಾರಗಳಲ್ಲಿ ಬರುತ್ತದೆ. ಬೀರುವಿನ ಬಟ್ಟೆಯ ನಡುವೆ, ಚರ್ಮದ ಚೀಲದಲ್ಲಿ ಇಡಬಾರದು, ಎರಡೂ ತೇವ ಹಿಡಿದಿಡುತ್ತವೆ. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ತೇವ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್, ತೇವ ಹೀರುವ ಸಿಲಿಕಾ ಜೆಲ್. ತೇವಾಂಶ 40ರಿಂದ 50 ಶೇಕಡದಲ್ಲಿ ನಿಲ್ಲಲಿ. 60 ದಾಟಿ ಹೆಚ್ಚು ದಿನ ಉಳಿದರೆ ಫಂಗಸ್‌ಗೆ ಅನುಕೂಲ, 30ಕ್ಕಿಂತ ಇಳಿದರೆ ರಬ್ಬರಿಗೂ ಲೆನ್ಸಿನೊಳಗಿನ ಜಿಡ್ಡಿಗೂ ಒಳ್ಳೆಯದಲ್ಲ. ಕಿತ್ತಳೆ ಬಣ್ಣದ ಜೆಲ್ ಕೊಳ್ಳಿ, ನೀಲಿಯದರಲ್ಲಿ ಆರೋಗ್ಯಕ್ಕೆ ಒಳ್ಳೆಯದಲ್ಲದ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ. ಬಣ್ಣ ತಿರುಗಿದಾಗ 110-120 ಡಿಗ್ರಿಯಲ್ಲಿ ಒಂದೆರಡು ಗಂಟೆ ಒವೆನ್‌ನಲ್ಲಿ ಒಣಗಿಸಿದರೆ ಮತ್ತೆ ಬಳಸಬಹುದು. ಅಕ್ಕಿ ಬೇಡ, ಅದರ ಪುಡಿ ಸೆನ್ಸರಿಗೆ ಹೋಗುತ್ತದೆ. ನಂದಿಯಂಥ ಜಾಗಕ್ಕೆ ಎಸಿ ಕಾರಿನಲ್ಲಿ ಹೋದರೆ ಕ್ಯಾಮೆರಾವನ್ನು ಜಿಪ್ ಕವರಿನಲ್ಲೇ ಅರ್ಧ ಗಂಟೆ ಬಿಟ್ಟು ಹೊರತೆಗೆಯಿರಿ, ಇಲ್ಲವಾದರೆ ತಣ್ಣಗಿರುವ ಗಾಜಿನ ಮೇಲೆ ಮಂಜು ಕೂರುತ್ತದೆ. ಅದನ್ನು ಅಂಗಿಯ ತುದಿಯಿಂದ ಒರೆಸಿದರೆ ಗೀರು.

ರೇಷ್ಮೆಗೂಡು (ಶಿಡ್ಲಘಟ್ಟ):

ಅಪ್ಪ-ಅಮ್ಮನಿಗೆ ಪ್ರಿಂಟ್ ಹಾಕಿಸಿ. ತಿಂಗಳಿಗೆ ಹತ್ತು ಚಿತ್ರ, 4×6 ಇಂಚು, ಮ್ಯಾಟ್ ಕಾಗದ. ಗ್ಲಾಸಿ ಆದರೆ ಟ್ಯೂಬ್‌ಲೈಟಿನ ಪ್ರತಿಬಿಂಬ ಬಿದ್ದು ವಯಸ್ಸಾದವರಿಗೆ ಮುಖ ಕಾಣುವುದಿಲ್ಲ. ಈ ಅಳತೆಗೆ 1200×1800 ಪಿಕ್ಸೆಲ್ ಸಾಕು, ನಿಮ್ಮ ಕ್ಯಾಮೆರಾದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿದೆ. ಸ್ಟುಡಿಯೋದವರಿಗೆ ವಾಟ್ಸಾಪಿನಲ್ಲಿ ಕಳಿಸಬೇಡಿ, ಪೆನ್‌ಡ್ರೈವ್‌ನಲ್ಲಿ ಕೊಡಿ, 'ಆಟೋ ಕರೆಕ್ಷನ್ ಬೇಡ' ಎಂದು ಹೇಳಿ. ಕ್ಯಾಮೆರಾದ ಚಿತ್ರ 3:2 ಆದ್ದರಿಂದ 4×6ಕ್ಕೆ ಸರಿಯಾಗಿ ಕೂರುತ್ತದೆ. ಫೋನಿನದು ಸಾಮಾನ್ಯವಾಗಿ 4:3, ಹಾಗೆಯೇ ಕೊಟ್ಟರೆ ಯಂತ್ರ ಮೇಲೆ ಕೆಳಗೆ ಕತ್ತರಿಸುತ್ತದೆ, ಗುಂಪು ಫೋಟೋದಲ್ಲಿ ಹಿಂದೆ ನಿಂತವರ ತಲೆ ಹೋಗುತ್ತದೆ. ಅಂಥವನ್ನು ನೀವೇ 3:2ಕ್ಕೆ ಕತ್ತರಿಸಿ ಕೊಡಿ, ಅಥವಾ ಬಿಳಿ ಅಂಚು ಬಿಟ್ಟು ಪೂರ್ತಿ ಹಾಕಲು ಹೇಳಿ. ಹಿಂಬದಿಯಲ್ಲಿ ಹೆಸರು, ಊರು, ತಾರೀಖು ಮೆತ್ತನೆಯ ಪೆನ್ಸಿಲಿನಲ್ಲಿ ಅಂಚಿಗೆ ಬರೆಯಿರಿ. ಬಾಲ್‌ಪೆನ್ನು ಒತ್ತಿದರೆ ಮುಂಬದಿಗೆ ಉಬ್ಬುತ್ತದೆ. ಕಾಗದ ಪೆನ್ಸಿಲ್ ಹಿಡಿಯದಿದ್ದರೆ ಫೋಟೋಗೆಂದೇ ಸಿಗುವ ಪಿಗ್ಮೆಂಟ್ ಶಾಯಿಯ ಪೆನ್ನಿನಲ್ಲಿ ಬರೆದು, ಪೂರ್ತಿ ಒಣಗಿದ ಮೇಲೆ ಒಂದರ ಮೇಲೊಂದು ಇಡಿ.